ಆ ಎರಡು ಫೋಟೊದಲ್ಲಿ ಇರುವವರು ಒಬ್ಬರೇ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಎರಡು ಹಳೆಯ ಸಿನಿಮಾ ಫೋಟೊ ಬಂದಿವೆ. ಒಂದು ಮಕ್ಕಳ ಪುಟದಲ್ಲಿ, ಬ್ಯಾಟ್‌ಮನ್ ಕಥೆಗಳ ಖಳನಾಯಕ ಜೋಕರ್ ಬಗ್ಗೆ ಬರೆದ ಲೇಖನದ ಜೊತೆ. ಬಾಯಿ ಎರಡೂ ಕೆನ್ನೆಗೆ ಎಳೆದು ನಿಂತ, ಹಲ್ಲೆಲ್ಲ ಕಾಣುವ ಒಬ್ಬ ಮನುಷ್ಯನ ಮುಖ. ಕೆಳಗೆ 'ಜೋಕರ್‌ಗೆ ಸ್ಫೂರ್ತಿಯಾದ ಹಳೆಯ ಚಿತ್ರದ ನಟ' ಎಂದಷ್ಟೇ ಇದೆ. ಇನ್ನೊಂದು ಸಿನಿಮಾ ಪುಟದಲ್ಲಿ, 'ಕಾಸಾಬ್ಲಾಂಕಾ' ಚಿತ್ರದ್ದು. ಜರ್ಮನ್ ಮಿಲಿಟರಿ ಅಧಿಕಾರಿಯ ವೇಷದಲ್ಲಿ ಒಬ್ಬರು ನಿಂತಿದ್ದಾರೆ. ಅಲ್ಲಿ ಹೆಸರು ಹಾಕಿದ್ದೀರಿ. ಆದರೆ ಹೆಸರಿನ ಹಿಂದೆ 'ನಾಜಿ ನಟ' ಎಂಬ ಮಾತು ಸೇರಿಸಿದ್ದೀರಿ.

ಎರಡು ಫೋಟೊದಲ್ಲೂ ಇರುವವರು ಒಬ್ಬರೇ ಜರ್ಮನ್ ನಟ. ಕಾನ್ರಾಡ್ ಫೈಟ್. ಒಂದು ಕಡೆ ಅವರಿಗೆ ಹೆಸರೇ ಇಲ್ಲ. ಇನ್ನೊಂದು ಕಡೆ, ಅವರು ಯಾರನ್ನು ವಿರೋಧಿಸಿ ಹುಟ್ಟಿದ ಊರನ್ನೇ ಬಿಟ್ಟು ಹೋದರೋ ಅವರದೇ ಪಟ್ಟ ಕಟ್ಟಿದ್ದೀರಿ. ಇದನ್ನು ಓದಿ ನನಗೆ ತುಂಬಾ ನೋವಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ವಿರಾಜಪೇಟೆಯಲ್ಲಿ ಮೇಕಪ್ ಕೆಲಸ ಮಾಡುವವಳು. ಮದುವೆ ಸೀಸನ್‌ನಲ್ಲಿ ಮದುಮಗಳ ಅಲಂಕಾರ, ಉಳಿದಂತೆ ಶಾಲೆ ಕಾಲೇಜುಗಳ ವಾರ್ಷಿಕೋತ್ಸವ, ನಾಟಕ, ಗೋಣಿಕೊಪ್ಪದ ದಸರಾ ಕಾರ್ಯಕ್ರಮಗಳು. ನನ್ನ ಅಪ್ಪ ಕಂಪನಿ ನಾಟಕದಲ್ಲಿ ಬಣ್ಣದವರಾಗಿದ್ದರು. ಕಂಪನಿಯ ಕ್ಯಾಂಪು ಇಲ್ಲಿಗೆ ಬಂದಾಗ ಊರು ಹಿಡಿಸಿ ಇಲ್ಲೇ ಉಳಿದರು. ಅವರ ಮರದ ಪೆಟ್ಟಿಗೆ ಈಗಲೂ ನನ್ನ ಅಂಗಡಿಯಲ್ಲಿದೆ. ಸಫೇದ, ಇಂಗಳೀಕ, ಅರದಾಳ, ಕಾಡಿಗೆ ಇಡುತ್ತಿದ್ದ ಖಾನೆಗಳಲ್ಲಿ ನಾನೀಗ ಪ್ಯಾನ್‌ಕೇಕ್ ಮೇಕಪ್, ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಇಡುತ್ತೇನೆ. ಬಣ್ಣ ಹಚ್ಚುವಾಗ ಅಪ್ಪ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹುಬ್ಬಿನಿಂದ ಕೆಳಗೆ, ಕೆನ್ನೆಯ ಮೂಳೆಯಿಂದ ಮೇಲೆ ಇರುವ ಜಾಗ ನಟನದ್ದು, ಅಲ್ಲಿ ಜಾಸ್ತಿ ಬಳಿಯಬೇಡ ಎನ್ನುತ್ತಿದ್ದರು.

ನಮ್ಮಲ್ಲಿ ಮಳೆಗಾಲದಲ್ಲಿ ಕಾರ್ಯಕ್ರಮಗಳು ಇರುವುದಿಲ್ಲ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮೊಬೈಲ್ ಚಾರ್ಜ್ ಮಾಡಿಟ್ಟುಕೊಂಡು ನಾನು ಹಳೆಯ ಸಿನಿಮಾ ನೋಡುತ್ತೇನೆ. ಕಥೆಗಿಂತ ಮುಖಗಳನ್ನು ನೋಡುವುದು ಜಾಸ್ತಿ. ಮೂಕಿ ಚಿತ್ರಗಳೆಂದರೆ ನನ್ನ ಕಸುಬಿನವರಿಗೆ ಪಾಠಶಾಲೆ ಇದ್ದ ಹಾಗೆ. ಮಾತಿಲ್ಲ, ಕಪ್ಪು ಬಿಳುಪು, ಎಲ್ಲವನ್ನೂ ಮುಖವೇ ಹೇಳಬೇಕು. ಫೈಟ್ ಅವರು ನನಗೆ ಸಿಕ್ಕಿದ್ದು ಹಾಗೆ.

ಈಗ ಆ ನಗುವ ಫೋಟೊದ ವಿಷಯ. ಅದು 1928ರಲ್ಲಿ ಬಂದ 'ದ ಮ್ಯಾನ್ ಹೂ ಲಾಫ್ಸ್' ಚಿತ್ರದ್ದು. ಫ್ರಾನ್ಸಿನ ವಿಕ್ಟರ್ ಹ್ಯೂಗೊ ಬರೆದ ಕಾದಂಬರಿಯನ್ನು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಸಿನಿಮಾ ಮಾಡಿತು. ನಿರ್ದೇಶಕ ಪೌಲ್ ಲೆನಿ, ಅವರೂ ಜರ್ಮನಿಯವರೇ. ರಾಜನ ಕೋಪಕ್ಕೆ ಸಿಕ್ಕಿದ ಒಬ್ಬ ದೊಡ್ಡ ಮನುಷ್ಯನ ಮಗನನ್ನು ಹಿಡಿದು, ಅವನ ಮುಖವನ್ನು ಕುಯ್ದು, ಜೀವನಪೂರ್ತಿ ನಗುತ್ತಲೇ ಇರುವ ಹಾಗೆ ಮಾಡುತ್ತಾರೆ. ಹುಡುಗ ಬೆಳೆದು ಜಾತ್ರೆಗಳಲ್ಲಿ ಜನರನ್ನು ನಗಿಸುವವನಾಗುತ್ತಾನೆ. ಅವನ ಹೆಸರು ಗ್ವಿನ್‌ಪ್ಲೇನ್. ಅವನನ್ನು ಪ್ರೀತಿಸುವ ಡಿಯಾ ಎಂಬ ಹುಡುಗಿಗೆ ಕಣ್ಣು ಕಾಣಿಸುವುದಿಲ್ಲ.

ಮೇಕಪ್ ಮಾಡಿದವರು ಜ್ಯಾಕ್ ಪಿಯರ್ಸ್. 1931ರಲ್ಲಿ ಫ್ರಾಂಕನ್‌ಸ್ಟೈನ್ ಚಿತ್ರದ ದೈತ್ಯನಿಗೆ ಮುಖ ಕೊಟ್ಟವರೂ ಇವರೇ. ಇಲ್ಲಿ ಅವರು ಬಣ್ಣವನ್ನು ನಂಬಲಿಲ್ಲ. ಫೈಟ್ ಅವರ ಬಾಯಿಗೆ ಒಂದು ಹಲ್ಲಿನ ಸೆಟ್ ಕೂರಿಸಿದರು. ಅದಕ್ಕೆ ಕೊಕ್ಕೆಗಳಿದ್ದವು. ಆ ಕೊಕ್ಕೆ ತುಟಿಯ ಎರಡೂ ಮೂಲೆಗಳನ್ನು ಹಿಂದಕ್ಕೆ ಎಳೆದು ಹಿಡಿಯುತ್ತಿತ್ತು. ಅದನ್ನು ಹಾಕಿಕೊಂಡು ಮಾತಾಡುವುದೇ ಕಷ್ಟ. ಚಿತ್ರ ಮೂಕಿಯಾದ್ದರಿಂದ ನಡೆಯಿತು.

ಯೋಚನೆ ಮಾಡಿ. ಒಬ್ಬ ನಟನ ಮುಖದ ಅರ್ಧಭಾಗವನ್ನು ಕಟ್ಟಿಹಾಕಿಬಿಟ್ಟ ಹಾಗೆ ಆಯಿತು. ಬಾಯಿ ಅಲ್ಲಾಡುವುದಿಲ್ಲ, ಕೆನ್ನೆ ಅಲ್ಲಾಡುವುದಿಲ್ಲ. ಉಳಿದದ್ದು ಕಣ್ಣು, ಹುಬ್ಬು, ಹಣೆ. ಅಪ್ಪ ಬಳಿಯಬೇಡ ಎನ್ನುತ್ತಿದ್ದ ಜಾಗ ಅಷ್ಟೇ. ಅದರಲ್ಲೇ ಅವರು ಇಡೀ ಸಿನಿಮಾ ನಡೆಸಿದ್ದಾರೆ. ಶ್ರೀಮಂತರ ಸಭೆಯಲ್ಲಿ ಅವನು ಎದ್ದು ನಿಲ್ಲುವ ಒಂದು ದೃಶ್ಯ ಇದೆ. ಎಲ್ಲರೂ ಅವನ ಮುಖ ನೋಡಿ ನಗುತ್ತಾರೆ. ಅವನ ಬಾಯಿಯೂ ನಗುತ್ತಿದೆ. ಕಣ್ಣು ಮಾತ್ರ ತುಂಬಿಕೊಂಡಿದೆ. ಡಿಯಾಳ ಕೈಯನ್ನು ತನ್ನ ಬಾಯಿಯ ಮೇಲೆ ಇಡಲು ಬಿಡುವ ದೃಶ್ಯವನ್ನಂತೂ ನಾನು ಎಷ್ಟೋ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಬೆರಳು ತುಟಿಗೆ ತಾಗುವ ಮೊದಲು ಅವರ ರೆಪ್ಪೆ ಒಂದೇ ಒಂದು ಸಲ ಅದುರುತ್ತದೆ. ಅಲ್ಲೇ ಆ ಮನುಷ್ಯನ ಹೆದರಿಕೆ ಎಲ್ಲ ಗೊತ್ತಾಗಿಬಿಡುತ್ತದೆ.

1940ರಲ್ಲಿ ಅಮೆರಿಕದಲ್ಲಿ ಬ್ಯಾಟ್‌ಮನ್ ಕಾಮಿಕ್ಸ್ ಪುಸ್ತಕದ ಮೊದಲ ಸಂಚಿಕೆಯಲ್ಲಿ ಜೋಕರ್ ಬಂದ. ಅದನ್ನು ಮಾಡಿದವರು ಬಿಲ್ ಫಿಂಗರ್, ಬಾಬ್ ಕೇನ್, ಜೆರ್ರಿ ರಾಬಿನ್ಸನ್. ಯಾರು ಎಷ್ಟು ಮಾಡಿದರು ಎಂಬುದರ ಬಗ್ಗೆ ಅವರೊಳಗೇ ಭಿನ್ನಾಭಿಪ್ರಾಯ ಇತ್ತು. ಆದರೆ ಫಿಂಗರ್ ತಂದು ತೋರಿಸಿದ್ದು ಫೈಟ್ ಅವರ ಈ ಫೋಟೊ ಎಂಬುದನ್ನು ಕೇನ್ ಕೂಡ ಹೇಳಿದ್ದಾರೆ. ಈಗ ನಮ್ಮ ಜಿಲ್ಲೆಯ ಶಾಲೆಗಳ ಫ್ಯಾನ್ಸಿ ಡ್ರೆಸ್ ನೋಡಿ. ಕೃಷ್ಣ, ಒನಕೆ ಓಬವ್ವ, ಕೊಡವ ಉಡುಪಿನ ಪುಟಾಣಿಗಳ ಜೊತೆ ಜೋಕರ್ ಕೂಡ ಇದ್ದೇ ಇರುತ್ತಾನೆ. ಡಿಸೆಂಬರ್ ಬಂತೆಂದರೆ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಂದು, 'ಅಕ್ಕಾ, ಬಾಯಿ ಕಿವಿವರೆಗೂ ಎಳೀರಿ' ಎನ್ನುತ್ತಾರೆ. ನಾನು ಎಳೆಯುತ್ತೇನೆ. ಎಳೆಯುವಾಗ ಅದು ಯಾರ ಮುಖ ಎಂದು ಮಕ್ಕಳಿಗೆ ಹೇಳುತ್ತೇನೆ. ಆ ಮಕ್ಕಳೇ ನಿಮ್ಮ ಪುಟ ಓದುವವರು. ಅದರಲ್ಲಿ ಹೆಸರು ಇರಬೇಕಿತ್ತು ಅಲ್ವಾ?

ಇನ್ನು ಆ ಹೆಸರಿನ ಹಿಂದಿನ ಬದುಕು.

ಫೈಟ್ ಹುಟ್ಟಿದ್ದು 1893ರ ಜನವರಿ 22ರಂದು, ಬರ್ಲಿನ್‌ನಲ್ಲಿ. ಅಪ್ಪ ಸರ್ಕಾರಿ ನೌಕರ. ಹುಡುಗ ಓದಿನಲ್ಲಿ ಹಿಂದೆ. ಡಾಕ್ಟರ್ ಆಗಬೇಕೆಂಬ ಆಸೆ ಇತ್ತು, ಅದು ಆಗಲಿಲ್ಲ. ನಾಟಕದ ಹುಚ್ಚು ಹಿಡಿಯಿತು. ಬರ್ಲಿನ್‌ನ ಡಾಯ್ಚಸ್ ಥಿಯೇಟರ್ ಎಂದರೆ ಆಗ ಇಡೀ ಯುರೋಪಿಗೇ ದೊಡ್ಡ ಹೆಸರು. ಅದನ್ನು ನಡೆಸುತ್ತಿದ್ದವರು ಮ್ಯಾಕ್ಸ್ ರೈನ್‌ಹಾರ್ಟ್. ಅಲ್ಲಿಯ ಒಬ್ಬ ನಟನ ಹತ್ತಿರ ಕಾಸು ಕೊಟ್ಟು ಪಾಠ ಹೇಳಿಸಿಕೊಂಡು, ರೈನ್‌ಹಾರ್ಟ್ ಅವರ ಮುಂದೆ ಗಯಟೆಯ 'ಫೌಸ್ಟ್' ನಾಟಕದ ಮಾತುಗಳನ್ನು ಒಪ್ಪಿಸಿದರು. ಒಪ್ಪಿಸುವಷ್ಟು ಹೊತ್ತೂ ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರಂತೆ. ಆದರೂ ಸೇರಿಸಿಕೊಂಡರು. 1913ರಲ್ಲಿ ಸಣ್ಣಪುಟ್ಟ ಪಾತ್ರ, ಸಣ್ಣ ಸಂಬಳ.

ಅಷ್ಟರಲ್ಲಿ ಮೊದಲನೇ ಮಹಾಯುದ್ಧ. ಸೈನ್ಯಕ್ಕೆ ಕರೆ ಬಂತು. ಪೂರ್ವದ ಗಡಿಗೆ ಹೋಗಿ, ಕಾಮಾಲೆ ಮತ್ತು ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಆಮೇಲೆ ಸೈನಿಕರಿಗಾಗಿ ನಡೆಯುತ್ತಿದ್ದ ನಾಟಕ ತಂಡದಲ್ಲಿ ಪಾತ್ರ ಮಾಡಿದರು. 1917ರಲ್ಲಿ ಬಿಡುಗಡೆಯಾಗಿ ಮತ್ತೆ ರೈನ್‌ಹಾರ್ಟ್ ಅವರ ಹತ್ತಿರ ಬಂದರು. ಸೈನ್ಯ ಎಂದರೆ ಏನು ಎಂದು ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಯೂನಿಫಾರ್ಮ್ ಹಾಕಿ ಆ ಕಷ್ಟ ಅನುಭವಿಸಿದ ಮನುಷ್ಯ ಮುಂದೆ ತೆರೆಯ ಮೇಲೆ ಎಷ್ಟೋ ಸಲ ಯೂನಿಫಾರ್ಮ್ ಹಾಕಿದರು. ಆ ಬೆನ್ನು, ಆ ನಿಲುವು ಸುಮ್ನೆ ಬಂದದ್ದಲ್ಲ.

1919ರಲ್ಲಿ ಅವರು ಮಾಡಿದ ಒಂದು ಚಿತ್ರದ ಬಗ್ಗೆ ನಮ್ಮಲ್ಲಿ ಯಾರೂ ಬರೆಯುವುದಿಲ್ಲ. 'ಆಂಡರ್ಸ್ ಆಲ್ಸ್ ಡೀ ಆಂಡರ್ನ್'. ಗಂಡಸನ್ನು ಪ್ರೀತಿಸುವ ಒಬ್ಬ ಪಿಟೀಲು ವಾದಕನ ಕಥೆ. ಆಗ ಜರ್ಮನಿಯ ಕಾನೂನಿನಲ್ಲಿ ಅದು ಅಪರಾಧ. ಒಬ್ಬ ದುಷ್ಟ ಅದನ್ನೇ ಹಿಡಿದು ಇವನನ್ನು ಹೆದರಿಸಿ ಹಣ ಕೀಳುತ್ತಾನೆ, ಕೊನೆಗೆ ಇವನು ಪ್ರಾಣ ಕಳೆದುಕೊಳ್ಳುತ್ತಾನೆ. ಇಂಥವರ ಹಕ್ಕಿಗಾಗಿ ಹೋರಾಡುತ್ತಿದ್ದ ಡಾಕ್ಟರ್ ಮಾಗ್ನುಸ್ ಹಿರ್ಷ್‌ಫೆಲ್ಡ್ ಇದರ ಬರವಣಿಗೆಯಲ್ಲಿ ಕೈ ಜೋಡಿಸಿದ್ದರು. ಮರುವರ್ಷವೇ ಚಿತ್ರಕ್ಕೆ ನಿಷೇಧ ಬಿತ್ತು. ಆಮೇಲೆ ನಾಜಿಗಳು ಸಿಕ್ಕಿದ ಪ್ರತಿಗಳನ್ನೆಲ್ಲ ನಾಶ ಮಾಡಿದರು. ಈಗ ಉಳಿದಿರುವುದು ಚೂರುಪಾರು. ಆಗತಾನೇ ಹೆಸರು ಮಾಡುತ್ತಿದ್ದ ನಟ ಇಂಥ ಪಾತ್ರ ಒಪ್ಪಿಕೊಂಡರು ಎಂದರೆ ಅವರ ಎದೆಗಾರಿಕೆ ಎಷ್ಟಿರಬೇಕು! ಅದೂ ನೂರು ವರ್ಷಕ್ಕೂ ಹಿಂದೆ.

1920ರ ಫೆಬ್ರವರಿಯಲ್ಲಿ 'ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಬಂತು. ನಿರ್ದೇಶಕ ರಾಬರ್ಟ್ ವೀನೆ. ನಾಟಕದ ಪರದೆ ಬರೆಯುವವರು, ರಂಗಸಜ್ಜಿಕೆಯವರು ಈ ಚಿತ್ರವನ್ನು ನೋಡಲೇಬೇಕು. ಮನೆಗಳು ಓರೆ, ಕಿಟಕಿಗಳು ಓರೆ, ಬೀದಿಗಳು ಸೊಟ್ಟ. ಬೆಳಕು ಮತ್ತು ನೆರಳನ್ನು ಕೂಡ ಬಣ್ಣದಿಂದಲೇ ಬರೆದಿದ್ದಾರೆ. ಫೈಟ್ ಅವರದು ಸೆಸಾರೆ ಎಂಬ ಪಾತ್ರ. ಪೆಟ್ಟಿಗೆಯೊಳಗೆ ನಿದ್ದೆ ಮಾಡುತ್ತಿರುವವನು, ಯಜಮಾನ ಹೇಳಿದರೆ ನಿದ್ದೆಯಲ್ಲೇ ಎದ್ದು ಕೊಲೆ ಮಾಡಿ ಬರುವವನು. ಮೊದಲ ಸಲ ಕಣ್ಣು ಬಿಡುವಾಗ ಕ್ಯಾಮೆರಾ ಮುಖದ ಹತ್ತಿರ ಇದೆ. ಬಿಳಿ ಮುಖ, ಕಣ್ಣಿನ ಸುತ್ತ ಕಪ್ಪು, ಕಣ್ಣಿನ ಕೆಳಗೆ ಚೂಪಾಗಿ ಇಳಿದ ಕಪ್ಪು ಗುರುತು. ಮೊದಲು ಬಾಯಿ ನಡುಗುತ್ತದೆ. ಆಮೇಲೆ ರೆಪ್ಪೆ ಚೂರು ಚೂರೇ ಮೇಲೇಳುತ್ತದೆ. ಪೂರ್ತಿ ತೆರೆದ ಮೇಲೆ ಆ ಕಣ್ಣು ಯಾರನ್ನೂ ನೋಡುತ್ತಿಲ್ಲ ಎಂದು ಗೊತ್ತಾಗುತ್ತದೆ. ಮಡಿಕೇರಿ ದಸರಾ ಮಂಟಪಗಳ ಅಸುರರ ಮುಖಕ್ಕೆ ಕಣ್ಣು ಬರೆಯುವ ಹುಡುಗರಿಗೆ ನಾನು ಈ ತುಣುಕು ತೋರಿಸಿದ್ದೇನೆ. ಭಯ ಹುಟ್ಟಿಸಲು ಕಣ್ಣನ್ನು ದೊಡ್ಡದು ಮಾಡಿದರೆ ಸಾಕು ಎಂದುಕೊಂಡಿದ್ದರು ಅವರು.

ಆ ಚಿತ್ರದಲ್ಲಿ ಯಜಮಾನನ ಪಾತ್ರ ಮಾಡಿದವರು ವರ್ನರ್ ಕ್ರೌಸ್. ಅವರೂ ರೈನ್‌ಹಾರ್ಟ್ ಗರಡಿಯವರೇ, ಬಹಳ ದೊಡ್ಡ ನಟ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ನಡುವಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1921ರಲ್ಲಿ 'ಇಂಡಿಯನ್ ಟೂಂಬ್' ಎಂಬ ಚಿತ್ರದಲ್ಲಿ ನಮ್ಮ ದೇಶದ ಒಬ್ಬ ಮಹಾರಾಜನಾಗಿ ಪಾತ್ರ ಮಾಡಿದರು. ಭಾರತ ಎಂದು ತೋರಿಸಿದ್ದೆಲ್ಲ ಬರ್ಲಿನ್ ಹತ್ತಿರ ಕಟ್ಟಿದ ಸೆಟ್. ಅದು ನಮ್ಮ ಭಾರತ ಅಲ್ಲವೇ ಅಲ್ಲ, ಅವರ ಕನಸಿನದ್ದು. ನನಗೆ ಆ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ. ಆಮೇಲೆ 'ವ್ಯಾಕ್ಸ್‌ವರ್ಕ್ಸ್'ನಲ್ಲಿ ರಷ್ಯದ ಕ್ರೂರ ರಾಜ ಇವಾನ್, 'ಹ್ಯಾಂಡ್ಸ್ ಆಫ್ ಆರ್ಲಾಕ್'ನಲ್ಲಿ ಕೈ ಕಳೆದುಕೊಂಡ ಪಿಯಾನೊ ವಾದಕ. ಹಾಲಿವುಡ್‌ಗೆ ಹೋಗಿ ಕೆಲವು ಚಿತ್ರ ಮಾಡಿದರು. ಟಾಕಿ ಬಂದಾಗ ಇಂಗ್ಲಿಷ್ ತೊಡಕಾಗಿ 1929ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿ ಅವರು ಆಗಲೇ ದೊಡ್ಡ ತಾರೆ. ಮನೆ, ಹೆಸರು, ದುಡ್ಡು, ಭಾಷೆ ಎಲ್ಲವೂ ಅಲ್ಲೇ.

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಸಿನಿಮಾ, ನಾಟಕ, ಪತ್ರಿಕೆ ಎಲ್ಲ ಅವನ ಪ್ರಚಾರ ಮಂತ್ರಿ ಗೋಬೆಲ್ಸ್ ಕೈಗೆ ಹೋಯಿತು. ಕಲಾವಿದರು ತಮ್ಮ ಜನಾಂಗ ಯಾವುದು ಎಂದು ಬರೆದುಕೊಡಬೇಕು ಎಂಬ ಫಾರಂಗಳು ಬಂದವು. ಯಹೂದಿಗಳಿಗೆ ಕೆಲಸ ಇಲ್ಲ. ಫೈಟ್ ಯಹೂದಿ ಅಲ್ಲ. ಅವರ ಹೆಂಡತಿ ಲಿಲಿ ಯಹೂದಿ. ಹಂಗೇರಿ ಮೂಲದವರು, ಅದೇ ವರ್ಷ ಮದುವೆಯಾದವರು. ಫಾರಂನಲ್ಲಿ ತಮ್ಮ ನಿಜವಾದ ಜನಾಂಗ ಬರೆದಿದ್ದರೆ ಫೈಟ್ ಅವರಿಗೆ ಏನೂ ತೊಂದರೆ ಇರಲಿಲ್ಲ. ಅವರು ಅಲ್ಲಿ 'ಯಹೂದಿ' ಎಂದು ಬರೆದರು. ಗಂಡಹೆಂಡತಿ ಇಬ್ಬರೂ ಇಂಗ್ಲೆಂಡಿಗೆ ಹೊರಟರು.

ಹೊರಟಾಗ ವಯಸ್ಸು ನಲವತ್ತು. ನಟನಿಗೆ ನಾಲಿಗೆಯೇ ಅನ್ನ. ಗೊತ್ತಿಲ್ಲದ ಭಾಷೆಯಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅಪ್ಪ ಊರು ಬಿಟ್ಟು ಊರಿಗೆ ಬಂದು ನೆಲೆ ನಿಂತವರಾದ್ದರಿಂದ ಇದರ ಕಷ್ಟವನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಅದೂ ಅಪ್ಪನಿಗೆ ಕನ್ನಡ ಕನ್ನಡವೇ ಆಗಿತ್ತು. ಫೈಟ್ ಇಂಗ್ಲಿಷ್ ಕಲಿತರು. ಆ ಜರ್ಮನ್ ಧಾಟಿ ಕೊನೆಯವರೆಗೂ ಹೋಗಲಿಲ್ಲ. ಅದರಿಂದಲೇ ಅವರಿಗೆ ಮುಂದೆ ಒಂದೇ ತರದ ಪಾತ್ರಗಳು ಬಂದವು.

ಇಂಗ್ಲೆಂಡಿನಲ್ಲಿ 1934ರಲ್ಲಿ ಅವರು 'ಜ್ಯೂ ಸ್ಯೂಸ್' ಎಂಬ ಚಿತ್ರದಲ್ಲಿ ಮುಖ್ಯ ಪಾತ್ರ ಮಾಡಿದರು. ಯಹೂದಿಗಳು ಪಟ್ಟ ಕಷ್ಟವನ್ನು ಅನುಕಂಪದಿಂದ ತೋರಿಸುವ ಕಥೆ. ಹಿಟ್ಲರನ ಸರ್ಕಾರಕ್ಕೆ ಇದು ಸಹಿಸಲಾಗದ ವಿಷಯವಾಯಿತು. ಆರು ವರ್ಷ ಕಳೆದು 1940ರಲ್ಲಿ ಗೋಬೆಲ್ಸ್ ಅದೇ ಹೆಸರಿನ ಇನ್ನೊಂದು ಚಿತ್ರ ಮಾಡಿಸಿದ. ಯಹೂದಿಗಳ ಮೇಲೆ ದ್ವೇಷ ಹುಟ್ಟಿಸುವುದಕ್ಕೆಂದೇ ಮಾಡಿದ್ದು. ಅದರಲ್ಲಿ ಒಬ್ಬರೇ ಹಲವು ಯಹೂದಿ ಪಾತ್ರಗಳಿಗೆ ಬಣ್ಣ ಹಚ್ಚಿದರು. ಅವರು ವರ್ನರ್ ಕ್ರೌಸ್.

ಸಂಪಾದಕರೇ, ಇದನ್ನು ನಾನು ನಿಮಗೆ ಹೇಳಲೇಬೇಕು. ಒಂದೇ ರಂಗಶಾಲೆ, ಒಂದೇ ಗುರು, ಒಂದೇ ಪ್ರಸಿದ್ಧ ಚಿತ್ರ. ಒಬ್ಬರು ಉಳಿದರು, ನಾಜಿ ಸರ್ಕಾರದಲ್ಲಿ ನಾಟಕ ಸಂಸ್ಥೆಯ ಉಪಾಧ್ಯಕ್ಷರಾದರು, ಬಣ್ಣವನ್ನು ವಿಷಕ್ಕೆ ಬಳಸಿದರು. ಇನ್ನೊಬ್ಬರು ಎಲ್ಲ ಬಿಟ್ಟು ಹೋದರು. 'ನಾಜಿ ನಟ' ಎಂಬ ಮಾತು ಕ್ರೌಸ್ ಅವರಿಗೆ ಹೊಂದೀತು. ಅದನ್ನು ನೀವು ಫೈಟ್ ಅವರ ಹೆಸರಿಗೆ ಅಂಟಿಸಿದ್ದೀರಿ. ಇಬ್ಬರಿಗೂ ಗುರುವಾಗಿದ್ದ ರೈನ್‌ಹಾರ್ಟ್ ಯಹೂದಿ. ಅವರೂ ಊರು ಬಿಟ್ಟು, 1943ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆಗೆ ಬರುತ್ತೇನೆ. ಫೈಟ್ ಅವರ ಕಥೆ ನಮ್ಮ ಮಕ್ಕಳಿಗೆ ಹತ್ತಿರವಾಗಲು ಇನ್ನೊಂದು ಕಾರಣ ಇದೆ. ನಾಗರಹೊಳೆ ಕಾಡು ದಾಟಿದರೆ ಆ ಬದಿಯಲ್ಲಿ, ಕಬಿನಿ ದಂಡೆಯಲ್ಲಿ, ಕಾರಾಪುರ ಇದೆಯಲ್ಲ. 1924ರಲ್ಲಿ ಅಲ್ಲಿ ಒಬ್ಬ ಮಾವುತನ ಮನೆಯಲ್ಲಿ ಸಾಬು ಹುಟ್ಟಿದ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಅಮೆರಿಕದ ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ಚಿತ್ರ ತೆಗೆಯಲು ಮೈಸೂರು ಸೀಮೆಗೆ ಬಂದಾಗ ಈ ಹುಡುಗನನ್ನು ಆರಿಸಿದರು. 1937ರಲ್ಲಿ ಚಿತ್ರ ಬಂತು, ಹುಡುಗ ಲೋಕಪ್ರಸಿದ್ಧನಾದ. ಮುಂದೆ ಲಂಡನ್‌ನಲ್ಲಿ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ 'ಥೀಫ್ ಆಫ್ ಬಾಗ್ದಾದ್' ಶುರು ಮಾಡಿದರು. ಕಳ್ಳ ಹುಡುಗ ಅಬುವಾಗಿ ಸಾಬು. ಮಂತ್ರವಾದಿ ಮಂತ್ರಿ ಜಾಫರ್ ಆಗಿ ಕಾನ್ರಾಡ್ ಫೈಟ್.

ಬರ್ಲಿನ್ ಬಿಟ್ಟು ಬಂದವರೂ ಕಾರಾಪುರದಿಂದ ಬಂದವನೂ ಒಂದೇ ಚಿತ್ರದಲ್ಲಿ ಎದುರುಬದುರು ನಿಂತರು. ಚಿತ್ರ ನಡೆಯುತ್ತಿರುವಾಗಲೇ 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಉಳಿದ ಭಾಗವನ್ನು ಅಮೆರಿಕದಲ್ಲಿ ಮುಗಿಸಿದರು. 1940ರಲ್ಲಿ ಬಿಡುಗಡೆಯಾಗಿ ಮೂರು ಆಸ್ಕರ್ ಬಂತು. ಬಣ್ಣದ ಚಿತ್ರ. ಫೈಟ್ ಅವರ ಕಣ್ಣು ನೀಲಿ ಎಂದು ನನಗೆ ಗೊತ್ತಾಗಿದ್ದು ಇದರಲ್ಲೇ. ಕಪ್ಪು ಪೇಟ, ಕಪ್ಪು ನಿಲುವಂಗಿ, ಅದರ ನಡುವೆ ಆ ನೀಲಿ ಕಣ್ಣು. ರಾಜಕುಮಾರಿಯನ್ನು ಮಂತ್ರದಿಂದ ವಶ ಮಾಡಿಕೊಳ್ಳಬಹುದು, ಆದರೆ ಅವಳು ತಾನಾಗಿಯೇ ಒಲಿಯಲಿ ಎಂದು ಆಸೆಪಡುವ ಖಳನಾಯಕ. ಕೂಗಾಟ ಇಲ್ಲ, ಹಲ್ಲು ಕಡಿಯುವುದಿಲ್ಲ. ಕೊನೆಯಲ್ಲಿ ಯಂತ್ರದ ಕುದುರೆ ಏರಿ ಹಾರಿಹೋಗುತ್ತಿದ್ದ ಜಾಫರ್‌ನನ್ನು, ಹಾರುವ ಚಾಪೆಯ ಮೇಲೆ ಬಂದ ನಮ್ಮ ಸಾಬು ಬಾಣ ಬಿಟ್ಟು ಬೀಳಿಸುತ್ತಾನೆ.

ತಿತಿಮತಿ ಹತ್ತಿರ ಮತ್ತಿಗೋಡು ಆನೆ ಕ್ಯಾಂಪಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಅಂಬಾರಿ ಹೊತ್ತ ಅಭಿಮನ್ಯುವನ್ನು ತೋರಿಸುತ್ತಾರೆ. ಜೊತೆಗೆ ಆನೆ ಮಾವುತನ ಮಗನೊಬ್ಬ ಹಾಲಿವುಡ್‌ವರೆಗೆ ಹೋದ ಕಥೆಯನ್ನೂ, ಅವನ ಎದುರು ನಿಂತ ನಟನ ಕಥೆಯನ್ನೂ ಹೇಳಲಿ ಎಂದು ನನ್ನ ಆಸೆ.

ಯುದ್ಧದ ಹೊತ್ತಿಗೆ ಫೈಟ್ ಬ್ರಿಟಿಷ್ ಪ್ರಜೆಯಾಗಿದ್ದರು. ತಮ್ಮ ಗಳಿಕೆಯಲ್ಲಿ ದೊಡ್ಡ ಪಾಲನ್ನು ಬ್ರಿಟನ್ನಿನ ಯುದ್ಧ ನಿಧಿಗೆ ಕೊಟ್ಟರು. ಅಮೆರಿಕದಲ್ಲಿ ಅವರಿಗೆ ಸಿಕ್ಕ ಪಾತ್ರಗಳಲ್ಲಿ ಹಲವು ನಾಜಿಗಳದ್ದೇ. ಆ ಧಾಟಿಯ ಇಂಗ್ಲಿಷ್, ಆ ಎತ್ತರ, ಆ ಮುಖ. ಅವರು ಬೇಡ ಎನ್ನಲಿಲ್ಲ. ಆದರೆ ನಾಜಿಯನ್ನು ಒಳ್ಳೆಯವನೆಂದು ತೋರಿಸುವ ಪಾತ್ರ ಮಾಡುವುದಿಲ್ಲ, ದುಷ್ಟನಾಗಿಯೇ ತೋರಿಸಬೇಕು ಎಂಬುದು ಅವರ ಷರತ್ತು. 1942ರಲ್ಲಿ ಬಂದ 'ನಾಜಿ ಏಜೆಂಟ್' ಚಿತ್ರದಲ್ಲಿ ಅವಳಿ ಅಣ್ಣತಮ್ಮಂದಿರ ಪಾತ್ರ ಎರಡನ್ನೂ ಅವರೇ ಮಾಡಿದರು. ಒಬ್ಬ ನಾಜಿ, ಒಬ್ಬ ನಾಜಿಗಳನ್ನು ಎದುರಿಸುವವನು.

ಅದೇ ವರ್ಷ 'ಕಾಸಾಬ್ಲಾಂಕಾ'. ಮೇಜರ್ ಸ್ಟ್ರಾಸರ್ ಎಂಬ ಪಾತ್ರ. ನಿಮ್ಮ ಪುಟದಲ್ಲಿ ಬಂದದ್ದು ಈ ವೇಷದ ಫೋಟೊ. ಈ ಚಿತ್ರದಲ್ಲಿ ಒಂದು ದೃಶ್ಯ ಇದೆ. ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳು ಪಿಯಾನೊ ಸುತ್ತ ನಿಂತು ತಮ್ಮ ಹಾಡು ಹಾಡುತ್ತಾರೆ. ಅದನ್ನು ಮುಳುಗಿಸುವ ಹಾಗೆ ಉಳಿದ ಜನ ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡುತ್ತಾರೆ. ಹಾಗೆ ಎದ್ದು ನಿಂತವರಲ್ಲಿ ಎಷ್ಟೋ ಮಂದಿ ನಿಜವಾಗಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು. ಕಣ್ಣೀರು ಗ್ಲಿಸರಿನ್‌ನದ್ದಲ್ಲ. ಪಿಯಾನೊ ಹತ್ತಿರ ಹಾಡು ಹೇಳಿಸುತ್ತಾ ನಿಂತ ಮೇಜರ್ ವೇಷದ ಫೈಟ್ ಕೂಡ ಅವರ ಹಾಗೆಯೇ ಊರು ಬಿಟ್ಟು ಬಂದವರು. ತಾನು ದ್ವೇಷಿಸುವ ಹಾಡನ್ನು ಎದೆಯುಬ್ಬಿಸಿ ಹಾಡಬೇಕು, ನೋಡುವವರಿಗೆ ಮೈ ಉರಿಯಬೇಕು. ಮುಖದಲ್ಲಿ ಎಲ್ಲೂ ಒಂದು ಕೂದಲೆಳೆಯಷ್ಟು ಮರುಕ ಇಣುಕಬಾರದು. ಇಣುಕಲಿಲ್ಲ. ಇದಕ್ಕಿಂತ ದೊಡ್ಡ ನಟನೆಯನ್ನು ನಾನು ನೋಡಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಸುಬೇದಾರರಿದ್ದಾರೆ. ಸರ್ವಿಸ್‌ನಲ್ಲಿದ್ದಾಗ 'ಕಾಸಾಬ್ಲಾಂಕಾ' ನೋಡಿದವರು. ನಿಮ್ಮ ಪುರವಣಿ ಹಿಡಿದುಕೊಂಡು ಬಂದು, 'ನೋಡಮ್ಮಾ, ಇವನು ನಿಜವಾಗ್ಲೂ ನಾಜಿಯೇ ಅಂತ ನಾವು ಆಗಲೇ ಅಂದ್ಕೊಂಡಿದ್ವಿ' ಎಂದರು. ನಾನು ಕೂರಿಸಿ ಕಾಫಿ ಕೊಟ್ಟು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. 'ಹಾಗಾದ್ರೆ ಪೇಪರಿಗೆ ಬರಿ' ಎಂದು ಹೇಳಿದವರೂ ಅವರೇ. ಪಾತ್ರ ಚೆನ್ನಾಗಿ ಮಾಡಿದ್ದಕ್ಕೆ ನಟನಿಗೆ ಆ ಹೆಸರೇ ಅಂಟುವುದು ನಮ್ಮ ನಾಟಕಗಳಲ್ಲೂ ಇದೆ. ದುಶ್ಶಾಸನನ ಪಾತ್ರದವರಿಗೆ ಹೆಣ್ಣುಮಕ್ಕಳು ಶಾಪ ಹಾಕಿದ್ದನ್ನು ಅಪ್ಪ ಹೇಳುತ್ತಿದ್ದರು. ಪ್ರೇಕ್ಷಕರು ಹಾಗೆ ನಂಬಿದರೆ ಅದು ನಟನ ಗೆಲುವು. ಪತ್ರಿಕೆ ಹಾಗೆ ಅಚ್ಚು ಹಾಕಿದರೆ ಅದು ಅನ್ಯಾಯ.

'ಕಾಸಾಬ್ಲಾಂಕಾ' ಬಂದ ಕೆಲವೇ ತಿಂಗಳಿಗೆ, 1943ರ ಏಪ್ರಿಲ್ 3ರಂದು, ಲಾಸ್ ಏಂಜಲೀಸ್‌ನಲ್ಲಿ ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತ ಆಗಿ ಫೈಟ್ ಹೋಗಿಬಿಟ್ಟರು. ವಯಸ್ಸು ಐವತ್ತು. ಹಿಟ್ಲರ್ ಸೋತದ್ದನ್ನು ನೋಡಲು ಅವರಿಗೆ ಆಗಲಿಲ್ಲ. ನೂರಕ್ಕೂ ಹೆಚ್ಚು ಚಿತ್ರ ಮಾಡಿದ್ದರು. ಅವರ ಚಿತಾಭಸ್ಮ ಈಗ ಇರುವುದು ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ.

ಜರ್ಮನಿಯ ನಟನಿಗೂ ಕೊಡಗಿಗೂ ಏನು ಸಂಬಂಧ, ಇಷ್ಟುದ್ದ ಯಾಕೆ ಎಂದು ಯಾರಾದರೂ ಕೇಳಬಹುದು. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಜರ್ಮನಿಯವರು. ಆಮೇಲೆ ಅವರು ಕೊಡಗಿಗೂ ಬಂದು ನೆಲೆಸಿದ್ದರು, ಕೊಡಗಿನ ಬಗ್ಗೆ ಪುಸ್ತಕ ಬರೆದರು. ಅವರ ಹೆಸರನ್ನು ನೀವು ಪ್ರತಿ ವರ್ಷ ಜುಲೈ 1ರ ಪತ್ರಿಕಾ ದಿನದಂದು ಗೌರವದಿಂದ ಹಾಕುತ್ತೀರಿ. ಇನ್ನು ನಾಟಕದ ಮಾತು. ಹರದಾಸ ಅಪ್ಪಚ್ಚಕವಿ ನಾಟಕ ಬರೆದು ಆಡಿಸಿದ ಜಿಲ್ಲೆ ನಮ್ಮದು. ಇಲ್ಲಿ ನಟರ ಬಗ್ಗೆ ಬರೆಯುವಾಗ ಯಾರ ಬಗ್ಗೆಯೇ ಆಗಲಿ ಒಂದಿಷ್ಟು ಎಚ್ಚರ ಇರಬೇಕು.

ನಾನು ಕೇಳುವುದು ಇಷ್ಟೇ. ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಿ. ಸಿನಿಮಾ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ. ಎರಡೂ ಫೋಟೊಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡರ ಕೆಳಗೂ 'ಕಾನ್ರಾಡ್ ಫೈಟ್, 1893–1943' ಎಂದು ಹಾಕಿ, 1933ರಲ್ಲಿ ಅವರು ಏನು ಮಾಡಿದರು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಆಗುವುದಾದರೆ ಸಾಬು ಜೊತೆ ಇರುವ ಒಂದು ಫೋಟೊ ಕೂಡ ಹಾಕಿ. ಮಕ್ಕಳ ಪುಟದಲ್ಲೇ ಬರಲಿ. ಶಾಲೆಗಳಲ್ಲಿ ವಾರ್ಷಿಕೋತ್ಸವದ ತಯಾರಿ ಶುರುವಾಗುವ ಮುಂಚೆ ಬಂದರೆ ಇನ್ನೂ ಒಳ್ಳೆಯದು. ಹಾಗೆಯೇ ಬೇಸಿಗೆ ರಂಗ ಶಿಬಿರ ನಡೆಸುವ ತಂಡದವರು ಒಂದು ಸಂಜೆ 'ಕ್ಯಾಲಿಗರಿ'ಯನ್ನು ಮಕ್ಕಳಿಗೆ ತೋರಿಸಲು ಮನಸ್ಸು ಮಾಡಲಿ. ಅದು ಒಂದೂಕಾಲು ಗಂಟೆಯ ಚಿತ್ರ ಅಷ್ಟೇ. ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿದರೂ ಸಾಕು. ಕರೆದರೆ ಪೆಟ್ಟಿಗೆ ತೆಗೆದುಕೊಂಡು ನಾನೇ ಬರುತ್ತೇನೆ. ಸೆಸಾರೆಯ ಕಣ್ಣು ಬರೆಯುವುದು ಹೇಗೆ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗಳು, ಮೇಕಪ್ ಕಲಾವಿದೆ
ವಿರಾಜಪೇಟೆ, ಕೊಡಗು